ತೆಂಗಿನೆಣ್ಣೆ ಗಟ್ಟಿಯಾದರೆ ಕಲಬೆರಕೆಯಾ? ಮಾರುವವರು ತಿಳಿದಿರಬೇಕಾದ ಲೆಕ್ಕ

ಡಿಸೆಂಬರ್ ಬಂತೆಂದರೆ ಗುಂಡ್ಯದ ಕಡೆ ಬೆಳಿಗ್ಗೆ ತೆಂಗಿನೆಣ್ಣೆ ಬಾಟಲಿಯ ತಳದಲ್ಲಿ ಬೆಳ್ಳಗೆ ಕೂತಿರ್ತದೆ. ಅದೇ ಎಣ್ಣೆ ಬೆಂಗಳೂರಿನ ಗಿರಾಕಿಯ ಮನೆಯಲ್ಲಿ ಪೂರ್ತಿ ಗಟ್ಟಿ. ಆಗ ಫೋನ್ ಬರ್ತದೆ: "ಇದಕ್ಕೆ ಮೇಣ ಹಾಕಿದ್ದೀರಾ?" ಸರಿಯಾದ ಉತ್ತರ ಕೊಡದಿದ್ದರೆ ಗಿರಾಕಿ ಕೈತಪ್ಪಿದ ಹಾಗೆಯೇ.

ಮೊದಲು ನೀರನ್ನು ನೋಡಿ. ಐಸ್ ಕರಗುವುದು 0 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನೀರು ಹೆಪ್ಪುಗಟ್ಟುವುದೂ 0 ಡಿಗ್ರಿಯಲ್ಲಿ. ಶುದ್ಧ ವಸ್ತುವಿನ ಕರಗುವ ಬಿಂದು, ಹೆಪ್ಪುಗಟ್ಟುವ ಬಿಂದು ಒಂದೇ. ತೋಟದ ಗೇಟಿನ ಹಾಗೆ, ಒಳಗೆ ಹೋಗಲಿಕ್ಕೂ ಹೊರಗೆ ಬರಲಿಕ್ಕೂ ಅದೇ. ಶಾಖ ಒಳಗೆ ಹೋದರೆ ಕರಗ್ತದೆ, ಹೊರಗೆ ಹೋದರೆ ಗಟ್ಟಿ ಆಗ್ತದೆ.

ತೆಂಗಿನೆಣ್ಣೆಗೆ ಈ ಲೆಕ್ಕ ಸುಮಾರು 24 ಡಿಗ್ರಿ. ಪುನರ್ಪುಳಿ ಬೀಜದ ತುಪ್ಪಕ್ಕೆ ಸುಮಾರು 40, ಹಾಗಾಗಿ ಅದು ನಮ್ಮಲ್ಲಿ ಹೆಚ್ಚಾಗಿ ಗಟ್ಟಿಯೇ ಇರ್ತದೆ.

ಆದರೆ ಎಣ್ಣೆ ನೀರಿನಂತೆ ಒಂದೇ ವಸ್ತು ಅಲ್ಲ. ಅದರಲ್ಲಿ ಹಲವು ಬಗೆಯ ಕೊಬ್ಬು ಉಂಟು, ಒಂದೊಂದರ ಬಿಂದು ಬೇರೆ. ಅದಕ್ಕೇ ಕೆಲವು ಡಿಗ್ರಿ ಹಿಂದೆಮುಂದೆ ಅರ್ಧ ಗಟ್ಟಿ, ಅರ್ಧ ತೆಳು ಕಾಣ್ತದೆ. ಜೊತೆಗೆ, ಅಲುಗಾಡಿಸದೆ ಇಟ್ಟ ಎಣ್ಣೆ 24ಕ್ಕಿಂತ ಕೆಳಗಿಳಿದರೂ ಸ್ವಲ್ಪ ಹೊತ್ತು ತೆಳುವಾಗಿಯೇ ಇರಬಹುದು. ಮೊದಲ ಹರಳು ಮೂಡಲಿಕ್ಕೆ ಸಮಯ ಬೇಕು. ಒಂದೇ ಕ್ಯಾನಿನಿಂದ ತುಂಬಿಸಿದ ಎರಡು ಬಾಟಲಿ ಬೇರೆಬೇರೆ ಕಾಣುವುದು ಹೀಗೆ.

"ಫ್ರಿಜ್‌ನಲ್ಲಿ ಗಟ್ಟಿಯಾದರೆ ಶುದ್ಧ" ಎಂಬ ವಾಟ್ಸಾಪ್ ಪರೀಕ್ಷೆಯನ್ನು ಪೂರ್ತಿ ನಂಬಬೇಡಿ. ತಾಳೆಬೀಜದ ತಿರುಳಿನ ಎಣ್ಣೆಯೂ ಹಾಗೆಯೇ ಗಟ್ಟಿ ಆಗ್ತದೆ. ಖಚಿತವಾಗಬೇಕಾದರೆ ಲ್ಯಾಬ್ ಪರೀಕ್ಷೆಯೇ ಬೇಕು.

ನೀವು ಮಾಡಬೇಕಾದ್ದು ಇಷ್ಟು:

1. ಅರ್ಧ ಗಟ್ಟಿಯಾದ ಕ್ಯಾನಿನಿಂದ ಮೇಲಿನ ತೆಳು ಎಣ್ಣೆ ಮಾತ್ರ ಬಗ್ಗಿಸಬೇಡಿ. ಬೇಗ ಗಟ್ಟಿಯಾಗುವ ಕೊಬ್ಬು ತಳದಲ್ಲೇ ಉಳೀತದೆ, ಬಾಟಲಿಯಿಂದ ಬಾಟಲಿಗೆ ಎಣ್ಣೆ ಬೇರೆ ಆಗ್ತದೆ. ಪೂರ್ತಿ ಕರಗಿಸಿ, ಕಲಸಿ ತುಂಬಿಸಿ.
2. ಕರಗಿಸಲಿಕ್ಕೆ ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿಟ್ಟರೆ ಸಾಕು. ಒಲೆಯ ಮೇಲೆ ನೇರ ಇಡಬೇಡಿ, ನೀರು ಒಳಗೆ ಸೇರದ ಹಾಗೆ ನೋಡಿ.
3. ಚಳಿಗಾಲದಲ್ಲಿ ಅಗಲ ಬಾಯಿಯ ಡಬ್ಬಿಯಲ್ಲಿ ಮಾರಿ.
4. ಲೇಬಲ್ ಮೇಲೆ ಬರೆಯಿರಿ: "ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುವುದು ಸಹಜ. ಬೆಚ್ಚಗೆ ಮಾಡಿದರೆ ಮತ್ತೆ ಕರಗುತ್ತದೆ."

ಈ ಎರಡು ಸಾಲು ಇದ್ದರೆ ಅರ್ಧ ಫೋನ್ ಬರುವುದೇ ಇಲ್ಲ. ಬಂದರೂ ಉತ್ತರ ನಿಮ್ಮ ಹತ್ತಿರ ಉಂಟಲ್ಲ!