ಒಮ್ಮೆ ಕಂಡು ಒಮ್ಮೆ ಮರೆಯಾಗುವ ದೋಷ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ಉಂಡೆಕೊಬ್ಬರಿ ಮಾಡುವ ರೈತನು ಬಲಿತ ಕಾಯಿಗಳನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಲು ಬಿಡುತ್ತಾನೆ. ಒಳಗಿನ ನೀರು ಇಂಗಿ ಕೊಬ್ಬರಿಯು ಚಿಪ್ಪಿನಿಂದ ಬಿಟ್ಟಿತೇ ಎಂಬುದನ್ನು ಒಡೆದು ನೋಡುವುದಿಲ್ಲ. ಅಲುಗಿಸಿ, ಸದ್ದು ಕೇಳಿ ತಿಳಿಯುತ್ತಾನೆ. ಕಾಲಕ್ಕೆ ಮೊದಲು ಒಡೆದರೆ ಇಡಿಯ ಉಂಡೆಯು ಕೈಗೆ ಬಾರದು. ಗಣಕಯಂತ್ರದ ಒಂದು ವಿಚಿತ್ರ ದೋಷವನ್ನು ಅರಿಯಲು ಈ ದೃಷ್ಟಾಂತವು ನಮಗೆ ನೆರವಾಗುವುದು.

ಪಠ್ಯ ಸಂಪಾದಕವೆಂಬುದು ಬರಹವನ್ನು ಬರೆದು ತಿದ್ದುವ ಸಾಧನ. ಅದರೊಳಗಿನಿಂದಲೇ ಶೆಲ್ಲಿಗೆ ಆಜ್ಞೆಯಿತ್ತು, ಬಂದ ಫಲಿತವನ್ನು ಅಲ್ಲಿಯೇ ಓದಬಹುದು. ವಿದ್ಯಾರ್ಥಿಯೊಬ್ಬನು ಊರುಗಳ ಉದ್ದನೆಯ ಪಟ್ಟಿಯನ್ನು ಹೀಗೆ ತರಿಸಿದನೆಂದು ಭಾವಿಸೋಣ. ನೂರಾರು ಹೆಸರುಗಳು ಸರಿಯಾಗಿವೆ. ನಡುವೆ ಒಂದು ಹೆಸರಿನಲ್ಲಿ ಅಕ್ಷರ ಕಾಣೆಯಾಗಿ, ಅದರ ಸ್ಥಳದಲ್ಲಿ ಪ್ರಶ್ನೆಯ ಗುರುತುಳ್ಳ ಕಪ್ಪು ವಜ್ರಾಕೃತಿ ಮೂಡಿದೆ. ಮರಳಿ ಆಜ್ಞೆಯಿತ್ತರೆ ದೋಷವಿಲ್ಲ! ಮೂರನೆಯ ಸಲ ಅದು ಬೇರೆಡೆ ಕಾಣುತ್ತದೆ. ಯಂತ್ರದ ಚೇಷ್ಟೆಯೆಂದು ಕೈಬಿಡುವುದು ಸುಲಭ. ಆದರೆ ಆ ಪಟ್ಟಿಯನ್ನು ನಂಬಿ ಅಚ್ಚು ಹಾಕಿಸಿದವನ ಪಾಡೇನು?

ಮೊದಲು ನಿರಪರಾಧಿಗಳನ್ನು ಬೇರ್ಪಡಿಸೋಣ. ಅದೇ ಫಲಿತವನ್ನು ನೇರವಾಗಿ ಕಡತಕ್ಕೆ ಬರೆಯಿಸಿದರೆ ಪ್ರತಿಸಲವೂ ಶುದ್ಧವಾಗಿರುತ್ತದೆ. ಆದುದರಿಂದ ಪಟ್ಟಿಯನ್ನು ಕೊಡುವ ಪ್ರೋಗ್ರಾಮಿನಲ್ಲಿ ತಪ್ಪಿಲ್ಲ. ಆ ಕಡತವನ್ನು ಅದೇ ಸಂಪಾದಕದಲ್ಲಿ ತೆರೆದರೂ ಶುದ್ಧವೇ. ಆದುದರಿಂದ ಫಾಂಟಿನ ತಪ್ಪೂ ಅಲ್ಲ. ಇಂಗ್ಲಿಷ್ ಪಟ್ಟಿಯಲ್ಲಿ ದೋಷವಿಲ್ಲ, ಚಿಕ್ಕ ಕನ್ನಡ ಪಟ್ಟಿಯಲ್ಲಿಯೂ ಇಲ್ಲ. ಉದ್ದನೆಯ ಕನ್ನಡ ಪಟ್ಟಿಯಲ್ಲಿ ಮಾತ್ರ ಉಂಟು. ಇದೇ ನಮಗೆ ದೊರೆತ ಸುಳಿವು.

1991ರಲ್ಲಿ ಹೊರಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಎಂಬವರು ರೂಪಿಸಿದ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟು, ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟು. ‘ತ’ ಎಂದರೆ 224, 178, 164 ಎಂಬ ಮೂರು ಸಂಖ್ಯೆಗಳು. ಗುಣಿತದ ಚಿಹ್ನೆಗೂ ಪ್ರತ್ಯೇಕವಾಗಿ ಮೂರು ಬೈಟು ಬೇಕು. ‘ತಿಪಟೂರು’ ಎಂಬುದರಲ್ಲಿ ತ, ಇಕಾರ, ಪ, ಟ, ಊಕಾರ, ರ, ಉಕಾರ ಎಂದು 7 ಸಂಕೇತಗಳು, ಅಂದರೆ 21 ಬೈಟುಗಳು. ಸಾಲು ಮುಗಿಯಿತೆಂಬ ಗುರುತು ಸೇರಿ ಒಟ್ಟು 22.

ಸಂಪಾದಕವು ಫಲಿತವನ್ನು ಒಮ್ಮೆಗೆ 4096 ಬೈಟುಗಳಷ್ಟು ತುಂಡುಗಳಲ್ಲಿ ಓದುವುದೆನ್ನೋಣ. ‘ತಿಪಟೂರು’ ಎಂಬ ಸಾಲೇ ಮತ್ತೆ ಮತ್ತೆ ಬಂದರೆ, 186 ಸಾಲುಗಳಿಗೆ 4092 ಬೈಟು ಸಲ್ಲುತ್ತದೆ. ಉಳಿದ 4ರಲ್ಲಿ ಮೂರು ‘ತ’ಕಾರಕ್ಕೆ, ಒಂದು ಇಕಾರದ ಮೊದಲ ಬೈಟು. ಅದರ ಮಿಕ್ಕ ಎರಡು ಬೈಟುಗಳು ಮುಂದಿನ ತುಂಡಿಗೆ ಸೇರಿದವು. ಪ್ರತಿ ತುಂಡನ್ನೂ ಸ್ವತಂತ್ರವೆಂದು ತಿಳಿದು ಅಕ್ಷರಕ್ಕೆ ಪರಿವರ್ತಿಸಿದರೆ ಎರಡು ಕಡೆಯೂ ಅರ್ಥವಿಲ್ಲದ ಚೂರುಗಳು! ಎರಡನೆಯ ತುಂಡಿನ ಕೊನೆಯಲ್ಲಿ ‘ಪ’ಕಾರವು ಮುರಿಯುತ್ತದೆ. ಮೂರನೆಯ ತುಂಡಾದರೋ ‘ಟ’ಕಾರದ ಅಂಚಿಗೆ ಸರಿಯಾಗಿ ನಿಲ್ಲುವುದರಿಂದ ಯಾವ ಹಾನಿಯೂ ಇಲ್ಲ.

ಹಾಗಾದರೆ ದೋಷವು ಕೆಲವೊಮ್ಮೆ ಮಾತ್ರ ಏಕೆ? ಬರೆಯುವ ಪ್ರೋಗ್ರಾಮು ನಿಧಾನವಾಗಿ, ಸಾಲುಸಾಲಾಗಿ ಕಳುಹಿಸಿದರೆ ಸಂಪಾದಕಕ್ಕೆ ಪೂರ್ಣ ಸಾಲುಗಳೇ ಸಿಗುತ್ತವೆ. ಅದು ವೇಗವಾಗಿ ಬರೆದು ನಡುವಣ ಪೈಪಿನಲ್ಲಿ ರಾಶಿ ಬಿದ್ದಾಗ ತುಂಡು ಎಲ್ಲೆಂದರಲ್ಲಿ ಕತ್ತರಿಸಲ್ಪಡುತ್ತದೆ. ಆ ಕ್ಷಣದಲ್ಲಿ ಯಂತ್ರಕ್ಕೆ ಬೇರೆ ಕೆಲಸವೆಷ್ಟಿದೆ ಎಂಬುದರ ಮೇಲೆ ಇದು ನಿಂತಿದೆ. ಪರೀಕ್ಷೆಗೆಂದು ಸಾಲುಗಳ ನಡುವೆ ವಿರಾಮವಿಟ್ಟರೆ ದೋಷವೇ ಅಡಗಿಬಿಡುತ್ತದೆ. ಅದನ್ನು ಪರಿಹಾರವೆಂದು ಭ್ರಮಿಸಬಾರದು.

ನಿಜವಾದ ಪರಿಹಾರವು ರೈತನ ಅಟ್ಟದಲ್ಲಿದೆ. 224 ಎಂಬ ಮೊದಲ ಬೈಟೇ ‘ನನ್ನ ಹಿಂದೆ ಇನ್ನೆರಡು ಬರಬೇಕು’ ಎಂದು ಸಾರುತ್ತದೆ. ಅವು ಬಾರದಿದ್ದಲ್ಲಿ, ಬಲಿಯದ ಕಾಯನ್ನು ಉಳಿಸುವಂತೆ ಆ ಶೇಷವನ್ನು ಕಾಯ್ದಿರಿಸಿ, ಮುಂದಿನ ತುಂಡಿನ ತಲೆಗೆ ಜೋಡಿಸಿ ಓದಬೇಕು. ಪೈಥಾನ್ ಭಾಷೆಯ ಕೋಡೆಕ್ಸ್ ಎಂಬ ಘಟಕದಲ್ಲಿ ಇದಕ್ಕೆ ತಕ್ಕ ಸಾಧನವು ಸಿದ್ಧವಾಗಿಯೇ ಇದೆ. ಫಲಿತವೆಲ್ಲ ಮುಗಿದ ಮೇಲೂ ಶೇಷವುಳಿದರೆ ಮಾತ್ರ ಅದು ಮೂಲದ ದೋಷ.

ತುರುವೇಕೆರೆಯ ಸಾಲಿಗೆ 31 ಬೈಟು, ಚಿಕ್ಕನಾಯಕನಹಳ್ಳಿಯ ಸಾಲಿಗೆ 46. ಇವುಗಳಲ್ಲಿ ಮೊದಲ ತುಂಡು ಯಾವ ಅಕ್ಷರವನ್ನು ಮುರಿಯುವುದೆಂದು ವಾಚಕರು ತಾವೇ ಗಣಿಸಿ ನೋಡಲಿ. ಆಕಸ್ಮಿಕವೆಂದು ತೋರುವುದರ ಹಿಂದೆಯೂ ನಿಯಮವಿರುವುದೆಂದು ಆಗ ಮನದಟ್ಟಾಗುವುದು.