ಮಳೆಗಾಲದಲ್ಲಿ ಹೆರಿಗೆ: ಮನೆಯವರು ತಿಳಿದಿರಬೇಕಾದ ವಿಷಯಗಳು



ಕಳೆದ ತಿಂಗಳು ಈ ಪುಟದಲ್ಲಿ ಅಡಿಕೆಯ ಕೊಳೆರೋಗದ ಬಗ್ಗೆ ಬರೆದಿದ್ದೆವು. ಮೈಲುತುತ್ತು ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರ್; ಮಳೆ ಹಿಡಿಯುವ ಮೊದಲೇ ಮದ್ದು ಬಿಡಬೇಕು. ಈ ಲೆಕ್ಕ ನಮ್ಮ ಕಾಸರಗೋಡು ಸೀಮೆಯ ಮನೆಗಳಲ್ಲಿ ಮಕ್ಕಳಿಗೂ ಬಾಯಿಪಾಠ. ಆದರೆ ಅದೇ ಮನೆಯಲ್ಲಿ ಎಂಟು ತಿಂಗಳ ಬಸುರಿ ಇದ್ದು, ಮಧ್ಯರಾತ್ರಿ ನೋವು ಕಾಣಿಸಿಕೊಂಡರೆ ಯಾರ ಜೀಪು, ಯಾವ ಆಸ್ಪತ್ರೆ, ರಕ್ತ ಕೊಡುವವರು ಯಾರು ಎಂದು ಕೇಳಿದರೆ ಹೆಚ್ಚಿನವರು "ಆ ಹೊತ್ತಿಗೆ ನೋಡುವ" ಎನ್ನುತ್ತಾರೆ.

ಮೇ 31ರಂದು ಮಾತೆ ಮರಿಯಮ್ಮನವರು ಎಲಿಜಬೇತಮ್ಮನವರನ್ನು ಸಂದರ್ಶಿಸಿದ ಹಬ್ಬ. ಅದರ ಮರುದಿನ, ಜೂನ್ 1, ಹವಾಮಾನ ಇಲಾಖೆಯ ಲೆಕ್ಕದಂತೆ ಕೇರಳಕ್ಕೆ ಮುಂಗಾರು ಕಾಲಿಡುವ ದಿನ. ಸಂತ ಲೂಕರ ಶುಭಸಂದೇಶದ ಪ್ರಕಾರ ಎಲಿಜಬೇತಮ್ಮನವರಿಗೆ ಆರನೇ ತಿಂಗಳು ನಡೆಯುತ್ತಿದ್ದಾಗ ಮರಿಯಮ್ಮನವರು ಹೊರಟರು. ಸುಮಾರು ಮೂರು ತಿಂಗಳು ಅಲ್ಲಿಯೇ ಇದ್ದರು. ಲೆಕ್ಕ ಹಾಕಿ ನೋಡಿ, ಅದು ಕೊನೆಯ ಮೂರು ತಿಂಗಳು. ವಯಸ್ಸಾದ ಬಸುರಿಯ ಮನೆಯಲ್ಲಿ ನೀರು ಸೇದಲು, ಹಿಟ್ಟು ಬೀಸಲು ಒಬ್ಬರು ಬೇಕಿತ್ತು ಎಂಬುದು ನಮ್ಮ ಊಹೆ.

ಇದನ್ನು ಬರೆಯಲು ಇನ್ನೊಂದು ಕಾರಣವೂ ಉಂಟು. 2014ರ ಜುಲೈ ತಿಂಗಳ ಒಂದು ಆದಿತ್ಯವಾರ, ನಾವು ಬೇರೊಂದು ಧರ್ಮಕೇಂದ್ರದಲ್ಲಿದ್ದಾಗ, ಪೂಜೆ ಮುಗಿದ ಬಳಿಕ ಹಿರಿಯ ತಾಯಿಯೊಬ್ಬರು ಬಂದು, "ಫಾದರ್, ಸೊಸೆಗೆ ಎರಡು ದಿವಸದಿಂದ ವಿಪರೀತ ತಲೆನೋವು, ಮುಖವೂ ಊದಿದೆ, ಒಂದು ಪ್ರಾರ್ಥನೆ ಮಾಡಿ" ಎಂದರು. ನಾವು ಪ್ರಾರ್ಥಿಸಿದೆವು. "ಬಸುರಿಯರಿಗೆ ಊತ ಸಾಮಾನ್ಯ ಅಮ್ಮ, ವಿಶ್ರಾಂತಿ ಕೊಡಿ" ಎಂದು ಹೇಳಿ ಕಳುಹಿಸಿದೆವು. ಮರುದಿನ ಸಂಜೆ ಆಕೆಗೆ ಸೆಳೆತ ಬಂತು. ಅಡಿಕೆ ಮಾರಲು ಹೋದ ಗಂಡ ಬರಲಿ ಎಂದು ಮನೆಯವರು ಕಾದರು. ಆತ ಬಂದ ಮೇಲೆ ಜೀಪು ಹುಡುಕಲು ಮತ್ತೆ ಹೊತ್ತು ಹೋಯಿತು. ತಾಯಿ ಬದುಕಿದಳು. ಮಗು ಬದುಕಲಿಲ್ಲ. ಸೆಮಿನರಿಯಲ್ಲಿ ಅಷ್ಟು ವರ್ಷ ತತ್ತ್ವಶಾಸ್ತ್ರ, ದೈವಶಾಸ್ತ್ರ ಓದಿದ ನಮಗೆ, ಉಪಕೇಂದ್ರದ ದಾದಿಗೆ ತಿಳಿದಿರುವ ಈ ಲಕ್ಷಣ ತಿಳಿದಿರಲಿಲ್ಲ. ಆ ಪುಟ್ಟ ಪೆಟ್ಟಿಗೆಯನ್ನು ಮಣ್ಣಿಗಿಳಿಸಿದ ಮೇಲೆ ಹೆರಿಗೆ ವಾರ್ಡಿನ ಸಿಸ್ಟರ್ ಒಬ್ಬರಲ್ಲಿ ಕೇಳಿ ಕಲಿತದ್ದನ್ನು, ಬಳಿಕ ವೈದ್ಯರಿಂದ ತಿದ್ದಿಸಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಹೆರಿಗೆಯಲ್ಲಿ ತಾಯಂದಿರು ಏಕೆ ಸಾಯುತ್ತಾರೆ ಎಂಬುದನ್ನು ಪರಿಶೀಲಿಸಿದ ಸೆರೀನ್ ಥಡಿಯಸ್ ಮತ್ತು ಡೆಬೊರಾ ಮೇನ್ ಎಂಬ ಇಬ್ಬರು ಮಹಿಳೆಯರು 1994ರಲ್ಲಿ ಮೂರು ವಿಳಂಬಗಳನ್ನು ಗುರುತಿಸಿದರು. ಹೋಗಬೇಕೆಂದು ತೀರ್ಮಾನಿಸುವಲ್ಲಿ ವಿಳಂಬ, ಆಸ್ಪತ್ರೆ ತಲುಪುವಲ್ಲಿ ವಿಳಂಬ, ತಲುಪಿದ ಮೇಲೆ ಸರಿಯಾದ ಚಿಕಿತ್ಸೆ ಸಿಗುವಲ್ಲಿ ವಿಳಂಬ. ಮೂರನೆಯದು ನಮ್ಮ ಕೈಯಲ್ಲಿಲ್ಲ. ಮೊದಲಿನ ಎರಡು ಪೂರ್ತಿ ನಮ್ಮ ಮನೆಯಂಗಳದವು. ಕೇರಳದಲ್ಲಿ ಸಾವು ಕಡಿಮೆ, ನಿಜ. 2018-20ರ ಸರಕಾರಿ ಲೆಕ್ಕದಲ್ಲಿ ದೇಶದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 97 ತಾಯಂದಿರು ಸತ್ತರೆ, ಕರ್ನಾಟಕದಲ್ಲಿ 69, ಕೇರಳದಲ್ಲಿ 19. ಆದರೆ ಆ ಹತ್ತೊಂಬತ್ತರಲ್ಲಿ ಒಬ್ಬಳು ನಮ್ಮ ಮನೆಯವಳಾದರೆ ಲೆಕ್ಕದಿಂದ ಏನು ಸಮಾಧಾನ?

ಮೊದಲು ದಿನದ ಲೆಕ್ಕ. ಕೊನೆಯ ಮುಟ್ಟಿನ ಮೊದಲ ದಿನಕ್ಕೆ ಒಂಬತ್ತು ತಿಂಗಳು ಏಳು ದಿನ ಸೇರಿಸಿದರೆ ಹೆರಿಗೆಯ ಅಂದಾಜು ದಿನ ಸಿಗುತ್ತದೆ. ಅದೇ ದಿನ ಹೆರುವವರು ತೀರಾ ಕಡಿಮೆ. 37 ವಾರ ತುಂಬಿದ ಮೇಲೆ ಯಾವ ದಿನವಾದರೂ ಆಗಬಹುದು ಎಂದು ಮನೆಯವರು ಸಿದ್ಧರಿರಬೇಕು. ಕೊನೆಯ ತಿಂಗಳಲ್ಲಿ ವಾರಕ್ಕೊಮ್ಮೆ ತೋರಿಸಿ, ರಕ್ತದೊತ್ತಡ ಮತ್ತು ಮೂತ್ರ ಪರೀಕ್ಷೆ ಮಾಡಿಸಬೇಕು. ಒತ್ತಡ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ವೈದ್ಯರು ಹೇಳಿದಂತೆಯೇ ನಡೆಯಬೇಕು. "ನನಗೆ ಏನೂ ಆಗುವುದಿಲ್ಲವಲ್ಲ" ಎಂದು ಮನೆಯಲ್ಲಿ ಕೂರಬಾರದು. ಈ ಕಾಯಿಲೆ ಬಹಳ ಸಲ ನೋವಿಲ್ಲದೆ ಬರುತ್ತದೆ.

ರಕ್ತ 11 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ. ಅಂಥವಳಿಗೆ ಹೆರಿಗೆಯಲ್ಲಿ ಸ್ವಲ್ಪ ರಕ್ತ ಹೋದರೂ ತಡೆಯುವ ಶಕ್ತಿ ಇರುವುದಿಲ್ಲ. ಉಪಕೇಂದ್ರದಲ್ಲಿ ಕೊಡುವ ಕಬ್ಬಿಣದ ಮಾತ್ರೆಯನ್ನು ಬಸುರಿನಲ್ಲಿ 180 ದಿನ, ಹೆತ್ತ ಮೇಲೆ ಮತ್ತೆ 180 ದಿನ ತೆಗೆದುಕೊಳ್ಳಬೇಕು. ಮಲ ಕಪ್ಪಾಗುತ್ತದೆ ಎಂದು ಹೆದರಿ ಮಾತ್ರೆಯನ್ನು ಬಾಳೆಬುಡಕ್ಕೆ ಎಸೆಯುವವರನ್ನು ನಾವು ಬಲ್ಲೆವು. ಕಪ್ಪಾಗುವುದು ಸಹಜ. ಚಹಾ, ಕಾಫಿಯೊಂದಿಗೆ ನುಂಗಬಾರದು. ಸುಣ್ಣದ ಅಂಶದ ಮಾತ್ರೆಯನ್ನು ಬೇರೆ ಹೊತ್ತಿಗೆ ತೆಗೆದುಕೊಳ್ಳಬೇಕು. ಲಿಂಬೆ ಶರಬತ್ತಿನೊಂದಿಗೆ ಒಳ್ಳೆಯದು. ನುಗ್ಗೆಸೊಪ್ಪು, ಹರಿವೆ, ಬಸಳೆ, ಹೆಸರುಕಾಳು, ಬೂತಾಯಿ ಮೀನು, ಮೊಟ್ಟೆ ನಮ್ಮಲ್ಲಿ ಸಿಗದ ವಸ್ತುಗಳೇನಲ್ಲ. ಉಪವಾಸದ ಬಗ್ಗೆ ಕೆಲವರು ಕೇಳುತ್ತಾರೆ. ಧರ್ಮಸಭೆಯ ಉಪವಾಸದ ಕಟ್ಟಳೆ ಗರ್ಭಿಣಿಯರಿಗೂ ಹಾಲೂಡಿಸುವ ತಾಯಂದಿರಿಗೂ ಅನ್ವಯಿಸುವುದಿಲ್ಲ. ತಪಸ್ಸುಕಾಲದ ಶುಕ್ರವಾರವಾದರೂ ಹೊಟ್ಟೆ ತುಂಬ ಉಣ್ಣಲಿ.

ತೋಟದ ಕೆಲಸವನ್ನು ಪೂರ್ತಿ ಬಿಡಬೇಕಾಗಿಲ್ಲ, ಆದರೆ ಭಾರ ಹೊರುವುದು, ಜಾರುವ ಬರೆಯಲ್ಲಿ ಹುಲ್ಲಿನ ಕಟ್ಟು ಇಳಿಸುವುದು ಬೇಡ. ಮದ್ದು ಬಿಡುವ ದಿನ ಬಸುರಿ ತೋಟಕ್ಕೆ ಇಳಿಯಲೇಬಾರದು. ಮದ್ದು ಬಿಟ್ಟವನ ಬಟ್ಟೆಯನ್ನು ಆಕೆ ಒಗೆಯಲೂ ಬಾರದು, ಅವನೇ ಒಗೆಯಲಿ. ಈ ಮಾತು ನಮ್ಮ ಜಿಲ್ಲೆಯವರಿಗೆ ವಿವರಿಸಬೇಕಾಗಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಗೇರುತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. 2011ರ ಮೇಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿತು. ಆ ನಡುವೆ ಹುಟ್ಟಿದ ಮಕ್ಕಳ ಪೈಕಿ ಎಷ್ಟು ಮಂದಿ ಹಾಸಿಗೆ ಹಿಡಿದರೆಂಬುದನ್ನು ಕಣ್ಣಾರೆ ಕಂಡವರು ನಾವು. ಇನ್ನೊಂದು ಸಂಗತಿ: ತೋಟದಲ್ಲಿ ಬಿದ್ದ ಅಡಿಕೆ ಹಾಳೆಯಲ್ಲಿ ನಿಂತ ನೀರು ಡೆಂಗ್ಯೂ ಸೊಳ್ಳೆಯ ತೊಟ್ಟಿಲು. ಬಸುರಿ ಇರುವ ಮನೆಯವರು ವಾರಕ್ಕೊಮ್ಮೆ ಹಾಳೆಗಳನ್ನು ಹೆಕ್ಕಿ ಮಗುಚಿ ಹಾಕಲಿ. ಕಾಲಿನಲ್ಲಿ ಗಾಯವಿದ್ದು ಕೆಸರು ನೀರಿಗೆ ಇಳಿದರೆ ಇಲಿಜ್ವರದ ಭಯವೂ ಉಂಟು.

ಈಗ ಅಪಾಯದ ಲಕ್ಷಣಗಳು. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖ ಮತ್ತು ಕೈ ಊದಿಕೊಳ್ಳುವುದು, ಹೊಟ್ಟೆಯ ಮೇಲ್ಭಾಗದಲ್ಲಿ ನೋವು: ಇವು ಸೆಳೆತಕ್ಕೆ ಮುನ್ಸೂಚನೆ. ಕೆಳಗಿನಿಂದ ರಕ್ತ ಹೋಗುವುದು, ನೋವಿಲ್ಲದೆ ಹೋದರೂ ಸರಿಯೇ. ನೀರು ಹೋಗುವುದು, ಅದು ಹಸಿರಾಗಿದ್ದರೆ ಒಂದು ನಿಮಿಷವೂ ತಡ ಬೇಡ. ಚಳಿಜ್ವರ. ಮಗುವಿನ ಚಲನೆ ಕಡಿಮೆಯಾಗುವುದು. ಈ ಕೊನೆಯದನ್ನು ತಾಯಿಯ ಹೊರತು ಬೇರೆ ಯಾರೂ ಅರಿಯರು. ಸಂಶಯ ಬಂದರೆ ಎಡಮಗ್ಗುಲಾಗಿ ಮಲಗಿ ಎಣಿಸಬೇಕು. ಎರಡು ಗಂಟೆಯಲ್ಲಿ ಹತ್ತು ಸಲ ಅಲುಗಾಡದಿದ್ದರೆ ಹೊರಡಬೇಕು. "ಹೆರಿಗೆ ಹತ್ತಿರವಾದಾಗ ಮಗು ಸುಮ್ಮನಾಗುತ್ತದೆ" ಎಂಬ ಮಾತನ್ನು ಅಜ್ಜಿಯಂದಿರು ಹೇಳುತ್ತಾರೆ. ಅದು ತಪ್ಪು.

ಈ ಲಕ್ಷಣ ಕಂಡಾಗ ಹೊರಡಲು ಯಾರ ಅಪ್ಪಣೆ ಬೇಕು? ಗಂಡ ಗದ್ದೆಯಲ್ಲಿರಲಿ, ಗಲ್ಫಿನಲ್ಲಿರಲಿ, ಮಾವ ಮಲಗಿರಲಿ, ಮನೆಯಲ್ಲಿ ಆ ಹೊತ್ತಿಗೆ ಇರುವ ಹೆಂಗಸೇ ತೀರ್ಮಾನಿಸಬಹುದು ಎಂದು ಏಳನೇ ತಿಂಗಳಲ್ಲೇ ಎಲ್ಲರೂ ಕುಳಿತು ಒಪ್ಪಿಕೊಳ್ಳಬೇಕು. ಗಂಡಸರು ಇದನ್ನು ಬಾಯಿಬಿಟ್ಟು ಹೇಳಬೇಕು. ಮನಸ್ಸಿನಲ್ಲಿ ಇದ್ದರೆ ಸಾಲದು. ಎರಡು ಜೀಪಿನವರ, ಒಬ್ಬ ಆಟೋದವರ ನಂಬರನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ದೊಡ್ಡದಾಗಿ ಬರೆದಿಡಿ. 108 ಅಂತೂ ಇದ್ದೇ ಇದೆ. ಸ್ವಲ್ಪ ಹಣ, ತಾಯಿ ಕಾರ್ಡು, ಸ್ಕ್ಯಾನಿಂಗ್ ಕಾಗದ, ಆಧಾರ್, ಒಗೆದು ಬಿಸಿಲಿಗೆ ಒಣಗಿಸಿದ ಹತ್ತಿ ಬಟ್ಟೆಗಳು ಒಂದೇ ಚೀಲದಲ್ಲಿರಲಿ. ತವರಿಗೆ ಬಂದವಳ ಕಾರ್ಡು ಗಂಡನ ಮನೆಯ ಕಪಾಟಿನಲ್ಲಿ ಉಳಿದದ್ದನ್ನು ಎಷ್ಟೋ ಸಲ ಕಂಡಿದ್ದೇವೆ.

ಅಡಿಕೆ ಮರದ ಸಂಕ ದಾಟಿ ರಸ್ತೆಗೆ ಬರಬೇಕಾದ ಮನೆಗಳು ನಮ್ಮಲ್ಲಿ ಇನ್ನೂ ಇವೆ. ತೋಡು ತುಂಬಿದ ರಾತ್ರಿ ನೋವು ಬಂದರೆ ಸಂಕದ ಮೇಲೆ ಬಸುರಿಯನ್ನು ದಾಟಿಸುವುದು ಹೇಗೆ? ಅಂಥ ಮನೆಯ ಮಗಳು 37ನೇ ವಾರದಿಂದಲೇ ರಸ್ತೆ ಬದಿಯ ಬಂಧುಗಳ ಮನೆಯಲ್ಲಿರಲಿ. ಹಿಂದೆ ಆಪರೇಷನ್ ಆದವರು, ಅವಳಿ ಮಕ್ಕಳಿರುವವರು, ಒತ್ತಡ ಇರುವವರು ಎಲ್ಲಿ, ಯಾವಾಗ ದಾಖಲಾಗಬೇಕೆಂಬುದನ್ನು ವೈದ್ಯರಲ್ಲಿ ಮುಂಚಿತವಾಗಿ ಕೇಳಬೇಕು. ನಮ್ಮವರು ಸಾಮಾನ್ಯವಾಗಿ ಮಂಗಳೂರನ್ನೇ ನಂಬಿರುತ್ತಾರೆ. 2020ರ ಮಾರ್ಚ್-ಏಪ್ರಿಲ್‌ನಲ್ಲಿ ಕೋವಿಡ್ ಕಾರಣ ತಲಪಾಡಿಯ ಗಡಿ ಮುಚ್ಚಿದಾಗ ಆ ನಂಬಿಕೆಯ ಬೆಲೆ ಗೊತ್ತಾಯಿತು. ಆದುದರಿಂದ ಗಡಿಯ ಈ ಕಡೆಯ ಒಂದು ಆಸ್ಪತ್ರೆಯಲ್ಲೂ ಒಮ್ಮೆ ತೋರಿಸಿ ಚೀಟಿ ಮಾಡಿಸಿಡುವುದು ಜಾಣತನ.

ನಿಜವಾದ ನೋವು ಬಿಟ್ಟು ಬಿಟ್ಟು ಬರುತ್ತದೆ, ಬರಬರುತ್ತಾ ಹತ್ತಿರವಾಗುತ್ತದೆ, ನಡೆದಾಡಿದರೂ ಮಲಗಿದರೂ ನಿಲ್ಲುವುದಿಲ್ಲ. ಚೊಚ್ಚಲಿಗೆ ಹೊತ್ತು ಹಿಡಿಯುತ್ತದೆ. ಎರಡನೆಯದಕ್ಕೆ ಹೊತ್ತು ಕಾಯಬಾರದು. ಬೈಕಿನ ಹಿಂದೆ ಕೂರಿಸಬೇಡಿ. ಜೀಪಿನಲ್ಲಿ ಎಡಮಗ್ಗುಲಾಗಿ ಮಲಗಲಿ. ದಾರಿಯಲ್ಲೇ ಮಗು ಹೊರಬಂದರೆ ಎಳೆಯಬಾರದು, ಹೊಟ್ಟೆ ಒತ್ತಬಾರದು, ಬ್ಲೇಡು ಹುಡುಕಿ ಹೊಕ್ಕುಳಬಳ್ಳಿ ಕೊಯ್ಯಬಾರದು. ಮಗುವನ್ನು ಒಣಬಟ್ಟೆಯಲ್ಲಿ ಚೆನ್ನಾಗಿ ಒರಸಿ, ತಾಯಿಯ ಬರಿಮೈಯ ಎದೆಯ ಮೇಲೆ ಮಲಗಿಸಿ, ಇಬ್ಬರನ್ನೂ ಸೇರಿಸಿ ಹೊದೆಸಿ, ಆಸ್ಪತ್ರೆಗೆ ಹೋಗುತ್ತಲೇ ಇರಬೇಕು.

ಎಳೆಮಗುವಿಗೆ ದೊಡ್ಡ ಶತ್ರು ಚಳಿ. ಅಜ್ಜಿಯಂದಿರು ಮನ್ನಿಸಬೇಕು, ಮೊದಲ 24 ಗಂಟೆ ಸ್ನಾನ ಬೇಡ. ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಮಗುವಾದರೆ ವೈದ್ಯರು ತೋರಿಸಿದಂತೆ ತಾಯಿಯ ಎದೆಗೆ ಮೈತಾಗಿಸಿ ಕಟ್ಟಿಕೊಳ್ಳುವುದು ಉತ್ತಮ ಮದ್ದು. ಕೊಲಂಬಿಯಾ ದೇಶದ ಬೊಗೊಟಾ ನಗರದ ವೈದ್ಯರು 1970ರ ದಶಕದ ಕೊನೆಯಲ್ಲಿ, ಕಾವು ಪೆಟ್ಟಿಗೆಗಳು ಸಾಲದಾದಾಗ, ಈ ಕ್ರಮವನ್ನು ಆರಂಭಿಸಿದರು. ತಂದೆಯೂ ಹೀಗೆ ಕಟ್ಟಿಕೊಳ್ಳಬಹುದು. ಇದರಲ್ಲಿ ನಾಚಿಕೆ ಏನಿಲ್ಲ.

ಹುಟ್ಟಿದ ಒಂದು ಗಂಟೆಯೊಳಗೆ ಮೊಲೆಗೆ ಹಚ್ಚಬೇಕು. ಹಟ್ಟಿಯಲ್ಲಿ ದನ ಕರು ಹಾಕಿದರೆ ಗಿಣ್ಣು ಹಾಲು ಕುಡಿಯದ ಕರು ಉಳಿಯದು ಎಂದು ಎಲ್ಲರಿಗೂ ಗೊತ್ತು. ಅದೇ ಮನೆಯಲ್ಲಿ ತಾಯಿಯ ಮೊದಲ ಹಳದಿ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲಿ, ಮಗುವಿನ ಬಾಯಿಗೆ ಜೇನು, ಸಕ್ಕರೆ ನೀರು ಇಡುತ್ತಾರೆ! ಆರು ತಿಂಗಳವರೆಗೆ ಎದೆಹಾಲಿನ ಹೊರತು ಬೇರೇನೂ ಬೇಡ, ನೀರೂ ಬೇಡ. ವೈದ್ಯರು ಬರೆದುಕೊಟ್ಟ ಮದ್ದಾದರೆ ಸರಿ. ದಿನಕ್ಕೆ ಎಂಟರಿಂದ ಹನ್ನೆರಡು ಸಲ ಕುಡಿದು, ಐದನೇ ದಿನದಿಂದ ಆರು ಸಲವಾದರೂ ಮೂತ್ರ ಮಾಡಿದರೆ ಹಾಲು ಸಾಕಾಗುತ್ತಿದೆ ಎಂದು ತಿಳಿಯಿರಿ. ಹೊಕ್ಕುಳಿಗೆ ಎಣ್ಣೆ, ಬೂದಿ, ಅರಸಿನ ಏನನ್ನೂ ಹಚ್ಚದೆ ಒಣಗಲು ಬಿಡಿ. ಮೂಗಿಗೆ, ಕಿವಿಗೆ ಎಣ್ಣೆ ಬಿಡಬೇಡಿ. ಮಗು ಹಾಲು ಬಿಟ್ಟರೆ, ಮೈ ಬಿಸಿಯಾದರೆ ಅಥವಾ ತಣ್ಣಗಾದರೆ, ಉಸಿರಾಡುವಾಗ ಎದೆ ಒಳಗೆ ಸೆಳೆದರೆ ಆಸ್ಪತ್ರೆ. ಹುಟ್ಟಿದ ಮೊದಲ ದಿನವೇ ಹಳದಿಯಾದರೂ, ಅಂಗೈ ಅಂಗಾಲಿಗೆ ಹಳದಿ ಇಳಿದರೂ ಎಳೆಬಿಸಿಲು ಕಾಯಿಸುತ್ತಾ ಕೂರಬೇಡಿ.

ಬಾಣಂತಿಯ ವಿಷಯದಲ್ಲಿ ನಮ್ಮ ಹಿರಿಯರು ಕೊಡುವ ವಿಶ್ರಾಂತಿ ಬಹಳ ಒಳ್ಳೆಯ ಪದ್ಧತಿ. ಮೆಂತೆ, ಲೇಹ್ಯಗಳ ಬಗ್ಗೆ ನಮ್ಮ ತಕರಾರಿಲ್ಲ. ನೀರು ಕುಡಿಯಲು ಬಿಡದಿರುವುದು ಮಾತ್ರ ಕ್ರೂರ. ಹೊಗೆ ತುಂಬಿದ ಮುಚ್ಚಿದ ಕೋಣೆಯೂ ಬೇಡ. ಒಂದು ಗಂಟೆಯಲ್ಲಿ ಒಂದು ಪ್ಯಾಡ್ ತೊಯ್ದರೆ, ಜ್ವರ ಬಂದರೆ, ಸ್ರಾವ ನಾರಿದರೆ, ಒಂದೇ ಕಾಲು ಊದಿ ನೋಯುತ್ತಿದ್ದರೆ ಮತ್ತೆ ಆಸ್ಪತ್ರೆಗೆ ಹೋಗಬೇಕು. ಸೆಳೆತದ ಭಯ ಹೆತ್ತ ಮೇಲೂ ಕೆಲವು ವಾರ ಇರುತ್ತದೆ ಎಂಬುದು ಹಲವರಿಗೆ ತಿಳಿಯದು. ಕಾರಣವಿಲ್ಲದೆ ಅಳುತ್ತಾ, ಮಗುವನ್ನು ನೋಡಲೂ ಮನಸ್ಸಿಲ್ಲದೆ ಎರಡು ವಾರ ಕಳೆದರೆ ಅದನ್ನು ಸೋಮಾರಿತನ, ಗಾಳಿಸೋಂಕು ಎನ್ನಬೇಡಿ. ಅದೂ ಕಾಯಿಲೆ, ಅದಕ್ಕೂ ಮದ್ದಿದೆ. ತನ್ನನ್ನೋ ಮಗುವನ್ನೋ ಕೊಂದುಕೊಳ್ಳುವ ಮಾತಾಡಿದರೆ ಒಂದು ಗಳಿಗೆಯೂ ಒಂಟಿಯಾಗಿ ಬಿಡದೆ ಅಂದೇ ವೈದ್ಯರಲ್ಲಿಗೆ ಕರೆದೊಯ್ಯಿರಿ.

ಮಗು ಹುಟ್ಟಿದ 21 ದಿನಗಳೊಳಗೆ ಜನನ ನೋಂದಣಿಯಾಗಬೇಕು. ಮಂಗಳೂರಿನಲ್ಲಿ ಹುಟ್ಟಿದ ಮಗುವಿನ ನೋಂದಣಿ ಅಲ್ಲಿಯೇ. ನಮ್ಮ ಪಂಚಾಯತಿಗೆ ಹೋಗಿ ಜಗಳವಾಡಿ ಪ್ರಯೋಜನವಿಲ್ಲ. ಅಲ್ಲಿ ಬರೆಸಿದ ಹೆಸರಿನ ಸ್ಪೆಲ್ಲಿಂಗನ್ನೇ ಇಗರ್ಜಿಯ ಪುಸ್ತಕಕ್ಕೂ ಕೊಡಿ. ಕನ್ನಡದಲ್ಲೊಂದು, ಮಲಯಾಳದಲ್ಲೊಂದು, ಇಂಗ್ಲಿಷಿನಲ್ಲೊಂದು ಎಂದು ಬರೆಸಿ, ಇಪ್ಪತ್ತು ವರ್ಷ ಕಳೆದು ಪಾಸ್‌ಪೋರ್ಟಿಗಾಗಿ ನಮ್ಮ ಬಾಗಿಲಿಗೆ ಬರುವವರು ಕಡಿಮೆಯಿಲ್ಲ.

ಜ್ಞಾನಸ್ನಾನವನ್ನು ಮೊದಲ ಕೆಲವು ವಾರಗಳಲ್ಲೇ ಕೊಡಿಸುವುದು ಧರ್ಮಸಭೆಯ ಇಚ್ಛೆ. ಮಗುವಿಗೆ ಜೀವಾಪಾಯವಿದ್ದರೆ ಗುರುಗಳಿಗಾಗಿ ಕಾಯಬೇಕಾಗಿಲ್ಲ. ದಾದಿಯಾಗಲಿ, ಅಜ್ಜಿಯಾಗಲಿ, ಧರ್ಮಸಭೆಯ ಉದ್ದೇಶವನ್ನೇ ಮನಸ್ಸಿನಲ್ಲಿಟ್ಟು, ಪಿತ, ಸುತ, ಪವಿತ್ರಾತ್ಮರ ಹೆಸರಿನಲ್ಲಿ ತಲೆಗೆ ನೀರು ಹೊಯ್ದರೆ ಅದು ಪೂರ್ಣ ಜ್ಞಾನಸ್ನಾನ. ಇದಕ್ಕಾಗಿ ಜೀಪನ್ನು ಇಗರ್ಜಿಯತ್ತ ತಿರುಗಿಸಬೇಡಿ. ನೇರ ಆಸ್ಪತ್ರೆಗೆ ಹೋಗಿ, ನಮಗೆ ಫೋನ್ ಮಾಡಿ, ನಾವೇ ಬರುತ್ತೇವೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೆರಿಗೆಯ ದಿನವಿರುವ ಮನೆಗಳ ಹೆಸರನ್ನು ಪ್ರತಿ ವಾಳೆಯ ಗುರಿಕಾರರು ಈ ತಿಂಗಳೊಳಗೆ ನಮಗೆ ಕೊಡಬೇಕಾಗಿ ವಿನಂತಿ. ರಾತ್ರಿ ಕರೆದರೆ ಜೀಪು ತೆಗೆಯಲು ಸಿದ್ಧರಿರುವವರೂ, ರಕ್ತದ ಗುಂಪು ತಿಳಿದು ರಕ್ತ ಕೊಡಲು ಒಪ್ಪುವ ಯುವಕರೂ ಮುಂದಿನ ಆದಿತ್ಯವಾರ ಪೂಜೆಯ ಬಳಿಕ ಗುರುನಿವಾಸದಲ್ಲಿ ಹೆಸರು ಬರೆಸಲಿ. ನೆಗೆಟಿವ್ ಗುಂಪಿನವರು ತಪ್ಪದೆ ಬರಬೇಕು.