ಬಾಡಿಗೆಗೆ ಕೊಡಲು ಗಡಿಯಾಚೆ ಮನೆ: ಊರು ಆರಿಸುವುದು ಹೇಗೆ?

ಭತ್ತ, ಮೆಣಸಿನಕಾಯಿ ಮಾರಿದ ದುಡ್ಡು ಕೈಗೆ ಬಂದಾಗ ಬಳ್ಳಾರಿ, ಸಿರುಗುಪ್ಪ, ಕುರುಗೋಡು ಕಡೆಯ ಮನೆಗಳಲ್ಲಿ ಹೈದರಾಬಾದ್ ಫ್ಲ್ಯಾಟಿನ ಮಾತು ಏಳುತ್ತದೆ. ನಮ್ಮವರಿಗೆ ಗಡಿ ದಾಟುವುದು ದೊಡ್ಡ ವಿಷಯವಲ್ಲ. ಈಗ ಆಂಧ್ರದಲ್ಲಿರುವ ಆದೋನಿ, ಆಲೂರು, ರಾಯದುರ್ಗ 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯ ತಾಲ್ಲೂಕುಗಳೇ ಆಗಿದ್ದವು; ನೆಂಟಸ್ತನ, ವ್ಯಾಪಾರ ಇಂದಿಗೂ ಎರಡೂ ಕಡೆ ಇವೆ. ಆದರೆ ಪರಿಚಯದ ಊರೆಲ್ಲ ಬಾಡಿಗೆ ಹುಟ್ಟುವ ಊರಲ್ಲ. ಮನೆ ನೋಡುವ ಮೊದಲು ಅಲ್ಲಿ ಬಾಡಿಗೆಗೆ ಯಾರು ಬರುತ್ತಾರೆ ಎಂದು ನೋಡಬೇಕು.

ಬಾಡಿಗೆದಾರರು ಯಾರು?

ಆದೋನಿ ಹತ್ತಿ ವ್ಯಾಪಾರದ ಊರು. ಸಿರುಗುಪ್ಪದವರು ಬೆಳಿಗ್ಗೆ ಹೋಗಿ ಸಂಜೆಗೆ ಬರಬಹುದು. ಅಲ್ಲಿ ಮನೆಗಿಂತ ಮಾರುಕಟ್ಟೆ ಹತ್ತಿರದ ಮಳಿಗೆಯನ್ನು ವಿಚಾರಿಸುವುದು ಲೇಸು. ಗುಂತಕಲ್ಲಿನಲ್ಲಿ ರೈಲ್ವೆ ವಿಭಾಗದ ಕಚೇರಿ ಇದೆ, ಜೊತೆಗೆ ರೈಲ್ವೆ ಕ್ವಾರ್ಟರ್ಸೂ ಇವೆ ಎಂಬುದು ಲೆಕ್ಕದಲ್ಲಿರಲಿ. ಅನಂತಪುರದಲ್ಲಿ ಜೆಎನ್‌ಟಿಯು, ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ, ಕರ್ನೂಲಿನಲ್ಲಿ ವೈದ್ಯಕೀಯ ಕಾಲೇಜು ಮತ್ತು ದೊಡ್ಡ ಸರ್ಕಾರಿ ಆಸ್ಪತ್ರೆ ಇವೆ. ವಿದ್ಯಾರ್ಥಿಗಳು, ಅಧ್ಯಾಪಕರು, ನರ್ಸ್‌ಗಳು ವರ್ಷವರ್ಷವೂ ಬರುವ ಊರುಗಳಿವು. ಮೊದಲ ಬಾರಿ ಕೊಳ್ಳುವವರಿಗೆ ನಾನು ಹೇಳುವುದು ಈ ಎರಡನ್ನೇ. ಹೈದರಾಬಾದಿನ ಮಾದಾಪುರ, ಗಚ್ಚಿಬೌಲಿಯಲ್ಲಿ ಐಟಿ ನೌಕರರಿಗೆ ಬರವಿಲ್ಲ, ಆದರೆ ಬೆಲೆಯೂ ಹಾಗೆಯೇ ಇದೆ.

ಬ್ರೋಕರ್ ಹೇಳಿದ ಬಾಡಿಗೆಯನ್ನು ನಂಬಿ ಕೂರಬೇಡಿ. ಒಂದು ಭಾನುವಾರ ಆ ಬೀದಿಯಲ್ಲಿ ನಡೆದು ಟು-ಲೆಟ್ ಬೋರ್ಡ್‌ಗಳ ನಂಬರಿಗೆ ಫೋನ್ ಮಾಡಿ, ಬಾಡಿಗೆಗೆ ಮನೆ ಬೇಕಾದವರಂತೆ ಕೇಳಿ. ವಾಚ್‌ಮನ್ ಹತ್ತಿರ ‘ಮೇಲಿನ ಮನೆ ಎಷ್ಟು ದಿನದಿಂದ ಖಾಲಿ?’ ಎಂದು ವಿಚಾರಿಸಿ. ಒಂದು ತಿಂಗಳು ಬಿಟ್ಟು ಮತ್ತೆ ಹೋದಾಗ ಅದೇ ಬೋರ್ಡ್ ಅಲ್ಲೇ ತೂಗುತ್ತಿದ್ದರೆ ಆ ಬೀದಿ ಬೇಡ.

ಲೆಕ್ಕ ಹಾಕಿ

60 ಲಕ್ಷದ ಫ್ಲ್ಯಾಟಿಗೆ ತಿಂಗಳಿಗೆ 18 ಸಾವಿರ ಬಾಡಿಗೆ ಎಂದುಕೊಳ್ಳಿ. ವರ್ಷಕ್ಕೆ 2.16 ಲಕ್ಷ. ನಿರ್ವಹಣೆಗೆ 36 ಸಾವಿರ, ಮನೆ ತೆರಿಗೆಗೆ 6 ಸಾವಿರ, ಒಂದು ತಿಂಗಳು ಖಾಲಿ ಬಿದ್ದರೆ 18 ಸಾವಿರ ಕಳೆಯಿರಿ. ಉಳಿಯುವುದು 1.56 ಲಕ್ಷ, ಅಂದರೆ ಶೇ 2.6. ಆಂಧ್ರ, ತೆಲಂಗಾಣ ಎರಡರಲ್ಲೂ ಮುದ್ರಾಂಕ, ನೋಂದಣಿಗೆ ಸುಮಾರು ಶೇ 7.5 ಹೋಗುತ್ತದೆ, ಅದನ್ನೂ ಕೊಂಡ ಬೆಲೆಗೆ ಸೇರಿಸಿ. ಹೀಗಿರುವಾಗ ಬಾಡಿಗೆಯಿಂದಲೇ ಬ್ಯಾಂಕಿನ ಕಂತು ತೀರುತ್ತದೆ ಎನ್ನುವ ಮಾತು ನಿಲ್ಲುವುದಿಲ್ಲ. ಕಾಲುವೆ ನೀರು ನಂಬಿದವರಂತೂ ಇನ್ನಷ್ಟು ಎಚ್ಚರದಿಂದಿರಬೇಕು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಬೆಳೆಯ ಗತಿಯೇನೆಂದು ಜೀವ ಕೈಯಲ್ಲಿ ಹಿಡಿದು ಕೂತದ್ದು ನೆನಪಿದೆಯಲ್ಲ? ಒಂದು ವರ್ಷದ ಕಂತಿನಷ್ಟು ಹಣ ಕೈಯಲ್ಲಿಲ್ಲದೆ ಸಾಲಕ್ಕೆ ಇಳಿಯಬೇಡಿ.

ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ, ಬಾಡಿಗೆಗೆ ಉಂಟು. ಮನೆ ತೆರಿಗೆ ಕಳೆದು ಉಳಿದದ್ದರಲ್ಲಿ ಶೇ 30 ವಿನಾಯಿತಿ ಸಿಗುತ್ತದೆ.

ಕಾಗದಪತ್ರ

ತೆಲುಗು ಮಾತು ಬರುತ್ತದೆ ಎಂದು ತೆಲುಗು ದಸ್ತಾವೇಜಿಗೆ ಸಹಿ ಹಾಕಬೇಡಿ. ಆ ಊರಿನ ಕೋರ್ಟಿನಲ್ಲೇ ಕೆಲಸ ಮಾಡುವ, ಮಾರುವವರಿಗೆ ಸಂಬಂಧವಿಲ್ಲದ ವಕೀಲರಿಂದ ಓದಿಸಿ. ಕನಿಷ್ಠ 30 ವರ್ಷದ ಋಣಭಾರ ಪ್ರಮಾಣಪತ್ರ (ಇ.ಸಿ.) ತೆಗೆಸಿ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ‘22ಎ’ ಎಂಬ ನಿಷೇಧಿತ ಆಸ್ತಿಗಳ ಪಟ್ಟಿ ಇರುತ್ತದೆ. ಸರ್ಕಾರಿ, ದೇವಸ್ಥಾನ, ವಕ್ಫ್ ಜಮೀನುಗಳು ಅದರಲ್ಲಿ ಸೇರಿರುತ್ತವೆ. ಸರ್ವೆ ನಂಬರ್ ಅಲ್ಲಿ ಕಂಡರೆ ಮಾತು ಅಲ್ಲಿಗೇ ಬಿಡಿ. ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಮೇಲಿನ ಮಾರಾಟದಿಂದ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಹೊಸ ಅಪಾರ್ಟ್‌ಮೆಂಟ್ ಆದರೆ ಆ ರಾಜ್ಯದ ರೇರಾ ನೋಂದಣಿ ನೋಡಿ. ಹೈದರಾಬಾದಿನಲ್ಲಿ ಕೆರೆ ಅಂಗಳದ ಗಡಿಯನ್ನೂ ಪರಿಶೀಲಿಸಿ: 2024ರಲ್ಲಿ ರಚನೆಯಾದ ‘ಹೈಡ್ರಾ’ ಎಂಬ ಸರ್ಕಾರಿ ಸಂಸ್ಥೆ ಕೆರೆ ಒತ್ತುವರಿಯ ಕಟ್ಟಡಗಳನ್ನು ಕೆಡವಿದೆ.

ಬೆಲೆ 50 ಲಕ್ಷ ಅಥವಾ ಹೆಚ್ಚಿದ್ದರೆ ಕೊಳ್ಳುವವರೇ ಶೇ 1 ಟಿಡಿಎಸ್ ಹಿಡಿದು ಕಟ್ಟಬೇಕು. ಮಾರುವವರು ಅಮೆರಿಕದಲ್ಲಿ ನೆಲೆಸಿದವರಾದರೆ ಈ ಶೇ 1 ಸಾಲದು, ಬಹಳ ಹೆಚ್ಚು ಹಿಡಿಯಬೇಕಾಗುತ್ತದೆ. ಮುಂಗಡ ಕೊಡುವ ಮೊದಲೇ ಲೆಕ್ಕಪರಿಶೋಧಕರನ್ನು ಕಾಣಿ.

ಕೊನೆಗೆ, ನಲ್ಲಿ ಕೆಟ್ಟರೆ ಓಡುವವರು ಯಾರು? ಆ ಊರಲ್ಲಿ ನಂಬುವಂಥ ನೆಂಟರೋ ಸ್ನೇಹಿತರೋ ಇದ್ದರೆ ಬಾಡಿಗೆದಾರರನ್ನು ಹುಡುಕುವ, ಕರಾರು ಮಾಡಿಸುವ ಅಧಿಕಾರವನ್ನಷ್ಟೇ ಬರೆದುಕೊಡಿ, ಮಾರುವ ಅಧಿಕಾರ ಬೇಡ. ಬಾಡಿಗೆ ನೇರ ನಿಮ್ಮ ಖಾತೆಗೇ ಬರಲಿ.